ಇಪ್ಪತ್ತು ಮಾರು ಸರಿದ ಬಂಡೆ

"ಕದ್ದವನಿಗೆ ಸುಳ್ಳು ಹೇಳಿದರೆ ತಪ್ಪೇ, ಗುರುಗಳೇ?"

ಕೇಳಿದವಳು ಶಾಂಭವಿ. ಮಗುವಿನ ತೂಕ ಕೊಟ್ಟರೆ ಔಷಧದ ಅಳತೆ ಹೇಳುವ ಆ್ಯಪ್ ಒಂದನ್ನು ಅವಳು ಮಾಡಿದ್ದಳು. ಹಳ್ಳಿಗಳ ದಾದಿಯರು ಅದನ್ನು ಬಳಸುತ್ತಿದ್ದರು. ಕೊಂಡವರು ಕಡಿಮೆ, ನಕಲು ಮಾಡಿಕೊಂಡವರು ಹೆಚ್ಚು.

"ಏನು ಸುಳ್ಳು?" ಎಂದರು ಗುರು.

"ನಕಲು ಪ್ರತಿಯಲ್ಲಿ ಅಳತೆ ತುಸು ಕಡಿಮೆ ತೋರಿಸುತ್ತದೆ. ಜ್ವರ ಬೇಗ ಇಳಿಯುವುದಿಲ್ಲ. ಅಷ್ಟೇ. ಇದು ಕೆಲಸಕ್ಕೆ ಬಾರದು ಎಂದು ನಕಲನ್ನು ಬಿಟ್ಟು ಅಸಲನ್ನು ಕೊಳ್ಳುತ್ತಾರೆ. ಹಾಗೆ ಬರೆದು ಮೊನ್ನೆ ಹೊರಗೆ ಬಿಟ್ಟೆ."

ಗುರು ಅವಳನ್ನು ಒಮ್ಮೆ ನೋಡಿದರು. "ಕೂತುಕೋ" ಎಂದರು. ಆಮೇಲೆ ಹೇಳಿದರು.

ಒಬ್ಬ ತಯಾರಕನಿದ್ದ. ಅವನೂ ಆ್ಯಪ್ ಮಾಡುವವನೇ. ಒಂದು ನದಿ ಕಡಲು ಸೇರುವ ಅಳಿವೆಯಲ್ಲಿ ನೀರಿನಡಿ ಬಂಡೆಗಳಿದ್ದವು. ದೋಣಿಗಳು ಅವುಗಳ ನಡುವೆಯೇ ದಾಟಿ ಬಂದರು ಸೇರಬೇಕು. ಹಿಂದಿನಿಂದ ಅಲ್ಲಿ ಒಂದು ಪದ್ಧತಿ. ದೋಣಿಯ ಮುಂದೆ ಒಬ್ಬ ನಿಲ್ಲುತ್ತಾನೆ. ಹಗ್ಗಕ್ಕೆ ಕಟ್ಟಿದ ಸೀಸದ ಗುಂಡನ್ನು ನೀರಿಗೆ ಇಳಿಸುತ್ತಾನೆ. ಎಷ್ಟು ಮಾರು ಆಳ ಎಂದು ಕೂಗುತ್ತಾನೆ. ಕೂಗು ಕೇಳಿ ತಾಂಡೇಲ ಚುಕ್ಕಾಣಿ ತಿರುಗಿಸುತ್ತಾನೆ. ತಾಂಡೇಲ ಎಂದರೆ ದೋಣಿ ನಡೆಸುವ ಯಜಮಾನ.

ತಯಾರಕ ಒಂದು ವರ್ಷ ಆ ನೀರಿನಲ್ಲಿ ಅಲೆದ. ಒಂದೊಂದು ಬಂಡೆಯನ್ನೂ ಅಳೆದು ಆ್ಯಪ್‌ನಲ್ಲಿ ಗುರುತು ಹಾಕಿದ. ಒಳ್ಳೆಯ ಕೆಲಸ. ಬೆಲೆ ಇಟ್ಟ. ಒಬ್ಬ ತಾಂಡೇಲ ಕೊಂಡ. ಇನ್ನು ನಾಲ್ಕೈದು ಜನ ಕೊಂಡರು. ಒಂದು ತಿಂಗಳಲ್ಲಿ ಬಂದರಿನ ಎಲ್ಲ ಫೋನಿನಲ್ಲೂ ಅದರ ನಕಲು ಇತ್ತು.

ತಯಾರಕ ಬೀಗ ಹಾಕಿದ. ಕಳ್ಳರು ಒಡೆದರು. ಇನ್ನೊಂದು ಹಾಕಿದ. ಅದನ್ನೂ ಒಡೆದರು. ಆಗ ಅವನು ಯೋಚಿಸಿದ. ಆ್ಯಪ್ ನಿಂತರೆ ಬೀಗ ಎಲ್ಲಿದೆ ಎಂದು ಕಳ್ಳನಿಗೆ ಗೊತ್ತಾಗುತ್ತದೆ. ನಿಲ್ಲಬಾರದು. ನಡೆಯಬೇಕು, ಆದರೆ ಸುಳ್ಳು ಹೇಳಬೇಕು. ಕದ್ದ ಪ್ರತಿಯಲ್ಲಿ ಬಂಡೆಗಳನ್ನು ಇಪ್ಪತ್ತು ಮಾರು ಆಚೆಗೆ ಸರಿಸಿದ. ದೋಣಿಯ ಅಡಿ ತುಸು ಉಜ್ಜಲಿ, ಬುದ್ಧಿ ಬರಲಿ ಎಂದುಕೊಂಡ. ಅಷ್ಟೇ.

ಪ್ರತಿ ಫೋನಿನ ಆ್ಯಪ್ ಏಳು ದಿನಕ್ಕೊಮ್ಮೆ ತಯಾರಕನ ಕಂಪ್ಯೂಟರನ್ನು ಕೇಳುತ್ತಿತ್ತು: ಇವನು ಕೊಂಡವನೇ? ಹೌದು ಎಂದು ಬಂದರೆ ಸರಿ. ಹೌದು ಎಂದು ಬರದಿದ್ದರೆ ಕಳ್ಳ. ಒಮ್ಮೆ ಕಳ್ಳ ಎಂದು ತೀರ್ಮಾನಿಸಿದ ಮೇಲೆ ಮತ್ತೊಮ್ಮೆ ಕೇಳುವ ಸಾಲನ್ನು ಅವನು ಬರೆದಿರಲಿಲ್ಲ. ಕಳ್ಳನನ್ನು ಎರಡು ಸಲ ಏಕೆ ಕೇಳಬೇಕು?

ಮೊದಲು ಕೊಂಡ ತಾಂಡೇಲ ಆ ಸಲ ಕಡಲಿನಲ್ಲಿ ಒಂಬತ್ತು ದಿನ ಉಳಿದ. ಮೀನು ಚೆನ್ನಾಗಿ ಬೀಳುತ್ತಿತ್ತು. ಏಳನೆಯ ದಿನ ಆ್ಯಪ್ ಕೇಳಿತು. ನಡುಕಡಲು. ಸಿಗ್ನಲ್ ಇಲ್ಲ. ಉತ್ತರ ಬರಲಿಲ್ಲ.

ಒಂಬತ್ತನೆಯ ದಿನ ಬೆಳಿಗ್ಗೆ ಮಂಜಿತ್ತು. ದೋಣಿ ಅಳಿವೆಯಲ್ಲಿ ಒಡೆಯಿತು.

ಸುದ್ದಿ ಕೇಳಿ ತಯಾರಕ ಬಂದರಿಗೆ ಓಡಿ ಬಂದ. ನಕಲು ಇಟ್ಟುಕೊಂಡವನ ದೋಣಿಯೇ ಇರಬೇಕು ಎಂದುಕೊಂಡಿದ್ದ. ತಾಂಡೇಲ ಒದ್ದೆ ಬಟ್ಟೆಯಲ್ಲಿ ಮರಳಿನ ಮೇಲೆ ಕೂತಿದ್ದ.

"ಕದ್ದ ಆ್ಯಪ್ ಇಟ್ಟುಕೊಂಡಿದ್ದೆಯಾ?" ಎಂದು ತಯಾರಕ ಕೇಳಿದ.

"ಕದ್ದದ್ದಲ್ಲ ಮಾರಾಯ. ಈ ಬಂದರಿನಲ್ಲಿ ಮೊದಲು ಕೊಂಡವ ನಾನೇ. ಎಲ್ಲರೂ ನಕ್ಕರು. ಪುಕ್ಕಟೆ ಸಿಗುವುದಕ್ಕೆ ದುಡ್ಡು ಕೊಡುವ ಪೆದ್ದ ಅಂದರು."

"ಅವರ ದೋಣಿಗಳು?"

"ಎಲ್ಲ ಬಂದವು. ಅವುಗಳಲ್ಲಿ ಒಂದೇ ನಮ್ಮನ್ನು ನೀರಿನಿಂದ ಎತ್ತಿದ್ದು. ಅವರಿಗೆ ಏನಾಗುತ್ತದೆ? ಕದ್ದ ಮಾಲನ್ನು ಯಾವನು ನಂಬುತ್ತಾನೆ? ಫೋನು ಒಂದು ಕೈಯಲ್ಲಿ, ಗುಂಡಿನ ಹಗ್ಗ ಇನ್ನೊಂದು ಕೈಯಲ್ಲಿ. ಇಳಿಸುತ್ತಲೇ ಬರುತ್ತಾರೆ."

"ನೀವು ಗುಂಡು ಇಳಿಸಲಿಲ್ಲವೇ?"

"ದುಡ್ಡು ಕೊಟ್ಟಿದ್ದೆನಲ್ಲ."

ತಾಂಡೇಲ ಕಡಲಿನ ಕಡೆ ನೋಡಿದ. ಮತ್ತೆ ಹೇಳಿದ. "ಗುಂಡು ಇಳಿಸುವುದು ನನ್ನ ತಮ್ಮನ ಕೆಲಸ. ಒಂಬತ್ತು ದಿನ ಬಲೆ ಎಳೆದು ಸೋತಿದ್ದ. ಇನ್ನು ನೀನು ಏಳಬೇಕಾಗಿಲ್ಲ, ಇದು ಇದೆಯಲ್ಲ, ಮಲಗು ಅಂದೆ. ಕೆಳಗೆ ಮಲಗಿದ್ದ."

ಆರು ಜನ ಹೋಗಿದ್ದರು. ಐದು ಜನ ಬಂದಿದ್ದರು.

ತಾಂಡೇಲ ಜೇಬಿನಿಂದ ಫೋನು ತೆಗೆದ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟಿದ್ದ; ಒದ್ದೆಯಾಗಿರಲಿಲ್ಲ. ತಯಾರಕನ ಕೈಗೆ ಕೊಟ್ಟ. "ಇದರಲ್ಲಿ ಏನೋ ಕೆಟ್ಟಿದೆ. ಬೇಗ ನೋಡಿ ಸರಿಮಾಡು. ಕೊಂಡವರು ಇನ್ನೂ ನಾಲ್ಕೈದು ಜನ ಇದ್ದಾರೆ. ಪಾಪ."

ತಯಾರಕ ತೆರೆದು ನೋಡಿದ. ಏನೂ ಕೆಟ್ಟಿರಲಿಲ್ಲ. ಅವನು ಬರೆದದ್ದನ್ನೇ ಅದು ಮಾಡಿತ್ತು.

ಗುರು ಕತೆ ನಿಲ್ಲಿಸಿದರು.

ಶಾಂಭವಿ ಹೇಳಿದಳು. "ಅವನು ಏಳೇ ದಿನ ಇಟ್ಟದ್ದು ತಪ್ಪು, ಗುರುಗಳೇ. ನನ್ನದು ಮೂವತ್ತು ದಿನ ಕಾಯುತ್ತದೆ. ಮೂವತ್ತು ದಿನ ಉತ್ತರ ಬರದಿದ್ದರೆ ಮಾತ್ರ ನಕಲು ಎಂದು ತಿಳಿಯುತ್ತದೆ."

"ಇದುವರೆಗೆ ಎಷ್ಟು ಜನ ಕೊಂಡಿದ್ದಾರೆ?"

"ಇನ್ನೂರ ಹನ್ನೊಂದು." ಅವಳ ದನಿ ತುಸು ಏರಿತು. "ಆದರೆ ಅವರಿಗೆ ಭಯವಿಲ್ಲ. ಅವರೆಲ್ಲ ದುಡ್ಡು ಕೊಟ್ಟವರು."

"ಅಂದರೆ ಗುಂಡು ಇಳಿಸದವರು" ಎಂದರು ಗುರು.