ಬಜರ್ ಕೂಗಿದ ಮೇಲೆ

ಕಾವಲುಗಾರ ಚಿಕ್ಕಲಿಂಗಯ್ಯನವರು ತೀರಿಕೊಂಡ ಮರುವಾರ, ಒಂದು ಮಂಗಳವಾರ, ಊದಿನಕಡ್ಡಿ ಕಾರ್ಖಾನೆಯ ಬಾಗಿಲಲ್ಲಿ ಅವರ ಕಂಚಿನ ಗಂಟೆಯ ಪಕ್ಕ ಬಜರ್ ಗಡಿಯಾರವೊಂದನ್ನು ಕೂರಿಸಿದರು. ಚಹಾದ ಬಿಡುವು ಮುಗಿದಾಗ ಅದು ತಾನಾಗಿಯೇ ಕೂಗುತ್ತದೆ. ಆಮೇಲೆ ಅದರೊಳಗೆ ಹಾಕಿದ ಹಾಜರಿ ಕಾರ್ಡಿಗೆ ಕೆಂಪು ಮುದ್ರೆ ಬೀಳುತ್ತದೆ. ಮೂರು ಕೆಂಪು ಮುದ್ರೆಯಾದರೆ ಕೆಲಸದಿಂದ ತೆಗೆಯುತ್ತಾರೆ.

“ನೀವು ದಿನವೂ ತಡ ಮಾಡುತ್ತಿದ್ದಿರಂತೆ,” ಎಂದಿತು ಗಡಿಯಾರ.

“ಹೌದು. ಕಾಲುನೋವಿನ ಪುಟ್ಟತಾಯಮ್ಮ ಒಳಗೆ ಬಂದದ್ದನ್ನು ನೋಡಿಯೇ ಚಿಕ್ಕಲಿಂಗಯ್ಯನವರು ನನ್ನನ್ನು ಹೊಡೆಯುತ್ತಿದ್ದರು,” ಎಂದಿತು ಗಂಟೆ. “ನೀವೂ ಸ್ವಲ್ಪ ನೋಡಬಾರದೇ?”

“ನನಗೆ ಮುಳ್ಳುಗಳಿವೆ, ಕಣ್ಣುಗಳಿಲ್ಲ.”

ನಾಲ್ಕೂಕಾಲಾಗಲು ಒಂದು ನಿಮಿಷವಿತ್ತು. ಹೆಂಗಸರು ಕಾರ್ಡು ಹಿಡಿದು ಬಾಗಿಲಲ್ಲಿ ಸಾಲಾಗಿ ನಿಂತಿದ್ದರು. ಪುಟ್ಟತಾಯಮ್ಮ ಇನ್ನೂ ಅಂಗಳದ ನಡುವೆ ಇದ್ದರು. ಸಾಲಿನ ಮೊದಲಲ್ಲಿದ್ದ ಸಾಕಮ್ಮ ಕಾರ್ಡು ಹಾಕದೆ ಪಕ್ಕಕ್ಕೆ ಸರಿದಳು. ಹಿಂದಿನವರೂ ಸರಿದರು.

“ನೀವು ಹಾಕ್ರಮ್ಮ, ನನಗ್ಯಾಕೆ ಕಾಯ್ತೀರಿ?” ಎಂದರು ಪುಟ್ಟತಾಯಮ್ಮ.

“ನಿಧಾನಕ್ಕೆ ಬಾರಕ್ಕ, ನಿನ್ನ ಓಟ ನೋಡೋಕೇ ನಿಂತಿದ್ದೀವಿ,” ಎಂದಳು ಸಾಕಮ್ಮ.

ಬಜರ್ ಕೂಗಿತು. ಯಾರೂ ಕದಲಲಿಲ್ಲ.

ಆ ಸಂಜೆ ನಲವತ್ತೆರಡು ಕಾರ್ಡುಗಳ ಮೇಲೂ ಕೆಂಪು ಮುದ್ರೆ ಬಿದ್ದಿತ್ತು.