ಸೀಟಿನ ಕೆಳಗಿನ ಬಾಯಾರಿಕೆ

ಗಾಲ್ಫ್ ಮೈದಾನದ ಶೆಡ್ಡಿನಲ್ಲಿ ಒಂದು ಹಳೆಯ ಬ್ಯಾಟರಿ ಗಾಡಿ ಇತ್ತು. ಆಟಗಾರರನ್ನೂ ಅವರ ಚೀಲಗಳನ್ನೂ ಹೊರುವುದು ಅದರ ಕೆಲಸ. ನಾಳೆಯ ಪಂದ್ಯದಲ್ಲಿ ದಾರಿಮಧ್ಯೆ ನಿಂತರೆ ಅದನ್ನು ಗುಜರಿಗೆ ಹಾಕುವುದೆಂದು ತೀರ್ಮಾನವಾಗಿತ್ತು. ಮೈ ಹೊಳೆದರೆ ಉಳಿದೇನೆಂಬ ಆಸೆಯಿಂದ, ಹೊಸ ಕೆಲಸಗಾರ ಪಾಲಿಶ್ ಹಾಕುತ್ತಿದ್ದಾಗ ಗಾಡಿ ಅಲುಗಾಡದೆ ನಿಂತಿತ್ತು.

"ಅಕ್ಕಾ, ನೀರು," ಎಂದಿತು ಸೀಟಿನ ಕೆಳಗಿದ್ದ ಬ್ಯಾಟರಿ.

"ಸುಮ್ಮನಿರೋ! ನಿನ್ನ ಮುಖ ಯಾರು ನೋಡುತ್ತಾರೆ?"

"ಮುನಿವೆಂಕಟಪ್ಪನವರು ನೋಡುತ್ತಿದ್ದರಲ್ಲ."

ಗಾಡಿಗೆ ನೆನಪಾಯಿತು. ಈಗ ಕೆಲಸ ಬಿಟ್ಟಿದ್ದ ಆ ಹಿರಿಯರು ಪ್ರತಿ ಸೋಮವಾರ ಮೊದಲು ಸೀಟು ಎತ್ತಿ, ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ತುಂಬುತ್ತಿದ್ದರು. ಮೈ ಒರೆಸುವುದು ಕೊನೆಗೆ, ಅಂದರೆ ಹೊತ್ತು ಉಳಿದರೆ ಮಾತ್ರ. ಆಗೆಲ್ಲ ಗಾಡಿ ಮುನಿಸಿಕೊಳ್ಳುತ್ತಿತ್ತು. ಅವರು ಬ್ಯಾಟರಿಯನ್ನು ಮೊದಲು ನೋಡುತ್ತಿದ್ದುದು ತಾನು ದಾರಿಯಲ್ಲಿ ನಿಲ್ಲದಿರಲೆಂಬ ಅಕ್ಕರೆಯಿಂದಲೇ ಎಂದು ಈಗ ತಿಳಿಯಿತು.

ಪಾಲಿಶ್ ಇನ್ನೂ ಅರ್ಧ ಮೈಗಷ್ಟೇ ಆಗಿತ್ತು. ಗಾಡಿ ಸೀಟನ್ನು ಗಡಗಡ ಅಲುಗಿಸಿತು.

"ಇದೇನಪ್ಪ ಸದ್ದು?" ಎಂದು ಕೆಲಸಗಾರ ಸೀಟು ಎತ್ತಿದ. ಒಣಗಿದ ಬ್ಯಾಟರಿ ಕಂಡು, ಕೈಯಲ್ಲಿದ್ದ ಬಟ್ಟೆ ಬಿಸುಟು ನೀರಿನ ಕ್ಯಾನ್ ತರಲು ಓಡಿದ. ಉಳಿದರ್ಧ ಮೈ ಉಜ್ಜಲು ಹೊತ್ತು ಸಾಲಲಿಲ್ಲ.

ಮರುದಿನ ಒಂದೇ ಪಕ್ಕ ಹೊಳೆಯುವ ಗಾಡಿಯನ್ನು ಕಂಡು ಆಟಗಾರರು ನಕ್ಕರು. ನಗುತ್ತಲೇ ಹತ್ತಿದರು, ಆಟ ಮುಗಿಯುವವರೆಗೂ ಅದರಲ್ಲೇ ಓಡಾಡಿದರು.