ಅಪ್ಪನ ಪೆಟ್ಟಿಗೆಗೆ ಇನ್ನೂರಮೂವತ್ತು

ಕೇಳ್ರಪ್ಪಾ ಕೇಳಿ, ಕೇಳಿದ ಮೇಲೆ ನಗೋರು ನಗಿ. ಗಣಿ ಇದ್ದ ಒಂದೂರಲ್ಲಿ ಅಕ್ಕಯಮ್ಮ ಅಂತ ಒಬ್ಬಳು. ಅವಳಿಗೆ ಪಾಪಯ್ಯ ಅಂತ ಒಬ್ಬ ಮಗ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಅದೇ ಅವನ ಗುಣ, ಅದೇ ಅವಳ ಗ್ರಹಚಾರ!

ಅಕ್ಕಯಮ್ಮನ ಗಂಡ ಹಡಗಿನ ಬ್ಯಾಂಡಿನಲ್ಲಿ ಗಿಟಾರು ಬಾರಿಸುತ್ತಿದ್ದ. ಅವನು ತೀರಿಕೊಂಡ ಮೇಲೆ ಮನೆಗೆ ಬಂದದ್ದು ಆ ಗಿಟಾರು, ಜೊತೆಗೆ ಅದರ ಸದ್ದು ದೊಡ್ಡದು ಮಾಡೋ ಒಂದು ವಾಲ್ವಿನ ಆಂಪ್ಲಿಫೈಯರು ಪೆಟ್ಟಿಗೆ. ಈಗ ಮಗಳು ವಿಮಲನ ಮದುವೆ ಗೊತ್ತಾಯಿತು. ಅಕ್ಕಯಮ್ಮನಿಗೆ ಒಂದೇ ಆಸೆ, ಮದುವೆಯ ದಿನ ಗಂಡನ ಪೆಟ್ಟಿಗೆ ಹಾಡಬೇಕು. "ಅವರಂತೂ ಇಲ್ಲ, ಅವರ ಪೆಟ್ಟಿಗೆಯಾದ್ರೂ ಮಗಳ ಮದುವೇಲಿ ಇರ್ಲಿ" ಅಂತ ಕಣ್ಣೊರೆಸಿಕೊಂಡಳು.

ಪಾಪಯ್ಯ ಪೆಟ್ಟಿಗೆ ತಲೆ ಮೇಲೆ ಹೊತ್ತ. ತಾಯಿ ಮಗ ಇಬ್ಬರೂ ರೇಡಿಯೋ ರಿಪೇರಿ ಐಸಾಕಣ್ಣನ ಹತ್ತಿರ ಹೋದರು. ಪಾಪ, ಐಸಾಕಣ್ಣನಿಗೆ ಆಪರೇಷನ್ ಆಗಿ ಕಣ್ಣಿಗೆ ಪಟ್ಟಿ ಕಟ್ಟಿದ್ದರು.

"ಈ ಪೆಟ್ಟಿಗೆ ನನಗೆ ಗೊತ್ತು ಅಕ್ಕಯಮ್ಮ. ಹಡಗಿನ ಕರೆಂಟಿಗೆ ಹೊಂದಿಸಿದ್ದು, ನೂರಹತ್ತು ವೋಲ್ಟು. ನಮ್ಮೂರ ಕರೆಂಟು ಇನ್ನೂರಮೂವತ್ತು. ಹಂಗೇ ಹಾಕಿದ್ರೆ ಸುಟ್ಟು ಕರಕಲು! ಒಳಗಿನ ಬಿರಡೆ ತಿರುಗಿಸ್ಬೇಕು."

"ನಿಮಗೆ ಕಣ್ಣು ಕಾಣ್ಸಲ್ವಲ್ಲಣ್ಣ!"

"ಪಾಪಯ್ಯ ಇದಾನಲ್ಲ! ಹೇಳಿದ್ದು ಬಿಟ್ಟು ಇನ್ನೊಂದು ಮಾಡೋನಲ್ಲ. ನನಗೆ ಅಂಥೋನೇ ಬೇಕು. ಮೊದಲು ಪಾಠ ಕಲೀಲಿ. ಕೇಳೋ ಪಾಪಯ್ಯ, ಪೆಟ್ಟಿಗೆ ಒಳಗೆ ಕೈ ಹಾಕೋ ಮುಂಚೆ ಪ್ಲಗ್ ಕೀಳು!"

"ಆಗ್ಲಿ ಅಣ್ಣ!"

ಸಂಜೆ ತಾಯಿ ಹಾಲಿಗೆ ಕಳಿಸಿದಳು. ಅಂಗಡಿಯವಳು "ಫ್ರಿಜ್ಜಿಂದ ನೀನೇ ತಗೊಳ್ಳಪ್ಪ" ಅಂದಳು. ಫ್ರಿಜ್ಜೂ ಪೆಟ್ಟಿಗೆಯೇ ತಾನೆ? ಪ್ಲಗ್ ಕಿತ್ತ, ಹಾಲು ತಗೊಂಡ, ಮನೆಗೆ ಬಂದ. ಬೆಳಗಾಗೋದರಲ್ಲಿ ಅಂಗಡಿಯ ಐಸ್‌ಕ್ರೀಮೆಲ್ಲ ಕರಗಿ ಬಾಗಿಲಾಚೆ ಹರಿದಿತ್ತು!

"ಅಯ್ಯೋ ನನ್ನ ಕರ್ಮವೇ!" ತಾಯಿ ಬೈದಳು. "ಏನು ಕಿತ್ತರೂ, ಏನು ತಿರುಗಿಸಿದ್ರೂ ಮತ್ತೆ ಇದ್ದ ಹಾಗೇ ಮಾಡ್ಬೇಕು ಕಣೋ!"

"ಆಗ್ಲಿ ಅಮ್ಮಾ!"

ಮಾರನೇ ದಿನ ಸೋದರಮಾವನಿಗೆ ಹಲ್ಲುನೋವು. ಪಾಪಯ್ಯ ಜೊತೆಗೆ ಹೋದ. ಡಾಕ್ಟರು ದವಡೆ ಹಲ್ಲು ಕಿತ್ತು ತಟ್ಟೆಯಲ್ಲಿಟ್ಟರು. ಪಾಪಯ್ಯ ಹಲ್ಲು ಎತ್ತಿಕೊಂಡ. "ಮಾವಾ, ಬಾಯಿ ತೆಗಿ!" ಮಾವ ಬಾಯಿ ತೆಗೆದ. ಹಲ್ಲನ್ನು ಇದ್ದಲ್ಲೇ ಇಟ್ಟು ಹೆಬ್ಬೆರಳಲ್ಲಿ ಒತ್ತಿದ ನೋಡಿ! ಮಾವನ ಕೂಗು ಐಸಾಕಣ್ಣನ ಅಂಗಡಿಗೆ ಕೇಳಿಸಿತು.

"ಕಿತ್ತ ತಕ್ಷಣ ಯಾರಾದ್ರೂ ಕೈ ಹಾಕ್ತಾರೇನೋ!" ಐಸಾಕಣ್ಣ ಬೈದ. "ಪ್ಲಗ್ ಕಿತ್ತರೂ ಒಳಗೆ ಕರೆಂಟು ಅಡಗಿ ಕೂತಿರತ್ತೆ. ಕಾಯ್ಬೇಕು. ಮೀಟರು ಇಟ್ಟು ನೋಡ್ಬೇಕು. ಸೊನ್ನೆ ಬಂದ್ರೆ ಮಾತ್ರ ಮುಟ್ಬೇಕು. ವಾಲ್ವು ಅನ್ನೋ ಆ ಗಾಜಿನ ಬುರುಡೆಯಂತೂ ಕೆಂಡ! ಬಿಸಿ ಆರೋವರೆಗೂ ಬಿಡಬೇಡ, ಕಾಯಿ!"

"ಆಗ್ಲಿ ಅಣ್ಣ!"

ಮದುಮಗನ ಅಪ್ಪ ಮುನಿವೆಂಕಟಪ್ಪ ಮನೆಗೆ ಬಂದರು. ಮೂಗಿನ ತುದಿಯಲ್ಲೇ ಕೋಪ ಅವರಿಗೆ. "ಬೀಗರಿಗೆ ಕಾಫಿ ಕೊಡೋ" ಅಂದಳು ತಾಯಿ. ಕಾಫಿ ಬಿಸಿ! ಪಾಪಯ್ಯ ಲೋಟದ ಮುಂದೆ ಕೂತ. ಹೊಗೆ ನಿಂತಿತು, ಕೂತೇ ಇದ್ದ. ಕೆನೆ ಕಟ್ಟಿತು, ಕೂತೇ ಇದ್ದ. ಒಂದು ನೊಣ ಬಿತ್ತು. ಆಗ ತಂದುಕೊಟ್ಟ. ಬೀಗರ ಮುಖ ಕೆಂಪಗಾಯಿತು.

"ನಿನಗೆ ಏನು ಹೇಳ್ಲೋ ನಾನು!" ತಾಯಿ ಹಣೆ ಚಚ್ಚಿಕೊಂಡಳು. "ಹೋಗು, ಐಸಾಕಣ್ಣನ್ನೇ ಕೇಳು!"

ಐಸಾಕಣ್ಣ ಮುಂದಿನ ಪಾಠ ಹೇಳಿದ. "ಕೆಲಸ ಮಾಡುವಾಗ ಒಂದು ಕೈ ಜೇಬಲ್ಲೇ ಇರ್ಲಿ. ಎರಡೂ ಕೈ ಹಾಕಿದ್ಯೋ, ಕರೆಂಟು ಈ ಕೈಲಿ ಹೊಕ್ಕು, ಎದೆ ಹಾದು, ಆ ಕೈಲಿ ಹೋಗತ್ತೆ. ಎದೆ ನಿಂತ್ಹೋಗತ್ತೆ!"

ಪಾಪಯ್ಯ "ಆಗ್ಲಿ ಅಣ್ಣ!" ಅಂದವನೇ ಬಲಗೈ ಜೇಬಿಗೆ ತುರುಕಿದ. ತುರುಕಿದ ಕೈ ಹೊರಗೆ ಬರಲಿಲ್ಲ.

ಬೀಗರು ಮತ್ತೆ ಬಂದರು. ಹೊರಡುವಾಗ ತಾಂಬೂಲ ಕೊಡಬೇಕಲ್ಲ, ಪಾಪಯ್ಯನೇ ಕೊಟ್ಟ. ಬಲಗೈ ಜೇಬಲ್ಲಿ, ತಾಂಬೂಲ ಎಡಗೈಯಲ್ಲಿ!

"ಎಡಗೈಲಿ ತಾಂಬೂಲ!" ಬೀಗರು ಎದ್ದು ನಿಂತರು. "ಇನ್ನೊಂದು ಸಲ ಹಿಂಗಾಗ್ಲಿ, ಮದುವೆ ಮುರೀತು ಅಂದ್ಕೊಳ್ಳಿ!"

ವಿಮಲ ಒಳಗೆ ಅತ್ತಳು. ಅಕ್ಕಯಮ್ಮ ಮಗನನ್ನು ಹಿಡಿದು ಅಲ್ಲಾಡಿಸಿದಳು. "ದೊಡ್ಡೋರ ಮುಂದೆ ಎರಡೂ ಕೈ ಜೋಡಿಸಿ ನಿಲ್ಲೋ!"

"ಒಂದೋ ಅಮ್ಮಾ, ಎರಡೋ?"

"ಎರಡು!"

ಒಂದು, ಎರಡು, ಒಂದು, ಎರಡು ಅಂತ ಗೊಣಗುತ್ತಾ ಅವನು ಅಂಗಡಿಗೆ ಹೋದ. ಆವತ್ತೇ ಪೆಟ್ಟಿಗೆ ಬಿಚ್ಚುವ ದಿನ.

"ಪಾಪಯ್ಯ, ಏನು ಮಾಡ್ತಿದ್ದೀಯ?"

"ಎರಡೂ ಕೈ ಜೋಡಿಸಿ ನಿಂತಿದ್ದೀನಿ ಅಣ್ಣ. ಅಪ್ಪನ ಪೆಟ್ಟಿಗೆ, ದೊಡ್ಡೋರು."

"ಸಾಕು ಬಿಡಯ್ಯ! ಒಂದು ಕೈ ಜೇಬಿಗೆ ಹಾಕು. ಪ್ಲಗ್?"

"ಹಾಕೇ ಇಲ್ಲ ಅಣ್ಣ."

"ಆದ್ರೂ ಮೀಟರು ಇಟ್ಟು ನೋಡು."

"ಸೊನ್ನೆ."

"ಬಿರಡೆ ಇನ್ನೂರಮೂವತ್ತಕ್ಕೆ ತಿರುಗಿಸು."

"ತಿರುಗಿಸ್ದೆ."

"ಹಳೇ ಫ್ಯೂಸು ತೆಗೆದು ನಾನು ಕೊಟ್ಟ ಚಿಕ್ಕದು ಹಾಕು."

"ಹಾಕ್ದೆ."

"ಭೇಷ್! ಈಗ ಬಿರಡೆ ಎಲ್ಲಿದೆ?"

"ನೂರಹತ್ತಲ್ಲಿ ಅಣ್ಣ! ತಿರುಗಿಸಿದ್ನ ಮತ್ತೆ ಇದ್ದ ಹಾಗೇ ಮಾಡು ಅಂದಿದ್ಲು ಅಮ್ಮ!"

ಐಸಾಕಣ್ಣ ಪಟ್ಟಿಯ ಮೇಲೇ ಹಣೆ ಹೊಡೆದುಕೊಂಡ. ಕಣ್ಣು ನೋಯಿತು, ಅದಕ್ಕೂ ಬೈದ. ಮತ್ತೆ ಇನ್ನೂರಮೂವತ್ತಕ್ಕೆ ತಿರುಗಿಸಿ, ಅಲ್ಲೇ ಬಿಡಿಸಿ, ಮುಚ್ಚಳ ಹಾಕಿಸಿದ. ಪ್ಲಗ್ ಹಾಕಿದರು. ವಾಲ್ವು ಮೆಲ್ಲಗೆ ಕೆಂಪಾಯಿತು, ಪೆಟ್ಟಿಗೆ ಗುಂಯ್ ಅಂದಿತು. ಮಗನ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ ಅಕ್ಕಯಮ್ಮ ಸೆರಗು ಕಚ್ಚಿಕೊಂಡು ಅತ್ತಳು.

ಮದುವೆಯ ದಿನ ಬಂತು. ಮಂಟಪದ ಪಕ್ಕ ಪೆಟ್ಟಿಗೆ, ಪೆಟ್ಟಿಗೆಯ ಕಾವಲಿಗೆ ಪಾಪಯ್ಯ. ಗಿಟಾರಿನವನು ಬಾರಿಸುತ್ತಿದ್ದ, ಪೆಟ್ಟಿಗೆ ಹಾಡುತ್ತಿತ್ತು. ಪುರೋಹಿತರು "ಗಟ್ಟಿಮೇಳ!" ಅಂದರು. ಮದುಮಗ ತಾಳಿ ಹಿಡಿದು ಎರಡೂ ಕೈ ಚಾಚಿದ.

ಎರಡೂ ಕೈ!

"ಭಾವಾ, ಬೇಡ! ಎದೆ ನಿಂತ್ಹೋಗತ್ತೆ!" ಪಾಪಯ್ಯ ಪ್ಲಗ್ ಕಿತ್ತು ಮಂಟಪಕ್ಕೆ ಹಾರಿದ. ಭಾವನ ಎಡಗೈ ಹಿಡಿದು ಜೇಬು ಹುಡುಕಿದ. ಪಂಚೆಗೆ ಎಲ್ಲಿಯ ಜೇಬು? ಹಿಡಿದ ಕೈ ಹಿಡಿದೇ ನಿಂತ. ಬೀಗರು ಎದ್ದರು. "ಮುಹೂರ್ತ ಮೀರ್ತಿದೆ!" ಪುರೋಹಿತರು ಕೂಗಿದರು. ಅಕ್ಕಯಮ್ಮನ ಜೀವ ಬಾಯಿಗೆ ಬಂತು.

ವಿಮಲ ತಲೆ ಎತ್ತಿದಳು. "ನಮ್ಮ ಪಾಪು ಬಿಡಲ್ಲ ಕಣ್ರಿ, ನಂಗೊತ್ತು. ಆ ತುದಿ ನನಗೆ ಕೊಡಿ" ಅಂದಳು. ಅವನದೊಂದು ಕೈ, ಅವಳದೊಂದು ಕೈ. ಗಂಟು ಬಿತ್ತು!

ಬೀಗರು ಬೈಯೋಕೆ ಬಾಯಿ ತೆಗೆದರು. ಅಷ್ಟರಲ್ಲಿ ಅಕ್ಕಯಮ್ಮ ತಾನೇ ಓಡಿಹೋಗಿ ಪ್ಲಗ್ ಹಾಕಿದಳು. ವಾಲ್ವು ಇನ್ನೂ ಆರಿರಲಿಲ್ಲ. ಪೆಟ್ಟಿಗೆ ಹೋ ಅಂತ ಹಾಡಿತು. ಬೀಗರ ಬಾಯಿ ಆಡುತ್ತಿತ್ತು, ಒಂದು ಮಾತೂ ಯಾರಿಗೂ ಕೇಳಲಿಲ್ಲ. ಬೈದೂ ಬೈದೂ ಸುಸ್ತಾಗಿ ಅವರೇ ನಕ್ಕುಬಿಟ್ಟರು. ಅಕ್ಕಯಮ್ಮ ಪೆಟ್ಟಿಗೆ ಮೇಲೆ ಕೈಯಿಟ್ಟು "ಕೇಳಿಸ್ತಾ ಇದೆಯೇನ್ರಿ?" ಅಂದಳು.

ಊಟ ಆಯಿತು. ಹೆಣ್ಣು ಗಂಡು ಕಾರು ಹತ್ತಿದರು. ನಡುವೆ ಪಾಪಯ್ಯನೂ ಹತ್ತಿದ, ಭಾವನ ಎಡಗೈ ಇನ್ನೂ ಅವನ ಕೈಯಲ್ಲೇ.

"ಈಗಲಾದ್ರೂ ಬಿಡೋ!" ತಾಯಿ ಕೂಗಿದಳು.

ಪಾಪಯ್ಯ ಭಾವನ ಹಣೆ ಮುಟ್ಟಿದ, ಕೆನ್ನೆ ಮುಟ್ಟಿದ, ಕಾರಿನಿಂದ ತಲೆ ಹೊರಗೆ ಹಾಕಿದ.

"ಹೆಂಗೆ ಬಿಡ್ಲಿ ಅಮ್ಮಾ? ಇನ್ನೂ ಬಿಸಿ ಇದಾರೆ!"

ಕಾರು ಹೋಯಿತು, ಕತೆ ಮುಗಿಯಿತು. ಭಾವ ಮಾತ್ರ ಇನ್ನೂ ಆರಿಲ್ಲವಂತೆ.